ತುಮಕೂರು–ಯಶವಂತಪುರ ರೈಲು ಪಾಸ್: ಕಾಗದದ್ದೋ, ಫೋನಿನದ್ದೋ?

ಕರಡು ತಿದ್ದುವವ:

ತುಮಕೂರಿನಿಂದ ದಿನವೂ ಬೆಂಗಳೂರಿಗೆ ಹೋಗಿಬರುವವರಲ್ಲಿ ಒಂದು ಪ್ರಶ್ನೆ. ಹಿನ್ನೆಲೆ ಹೇಳದೆ ಪ್ರಶ್ನೆ ಕೇಳುವುದು ನನಗೆ ಬರುವುದಿಲ್ಲ, ಸಹಿಸಿಕೊಳ್ಳಿ.

ನನಗೆ ಐವತ್ತಾರು. ಮನೆ ಸೋಮೇಶ್ವರಪುರದಲ್ಲಿ. ಯಶವಂತಪುರದಲ್ಲಿ ಇಳಿದು ಹದಿನೈದು ನಿಮಿಷ ನಡೆದರೆ ಸಿಗುವ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ದಾರಿ: ಕ್ಯಾತ್ಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ, ನಿಡವಂದ, ದೊಡ್ಡಬೆಲೆ, ಸೋಲದೇವನಹಳ್ಳಿ, ಚಿಕ್ಕಬಾಣಾವರ. ಶಿವಗಂಗೆ ಬೆಟ್ಟ ಕಿಟಕಿಯಲ್ಲಿ ಎಷ್ಟು ಹೊತ್ತು ನಿಂತಿತು ಎನ್ನುವುದರ ಮೇಲೆ ಇವತ್ತು ಎಷ್ಟು ತಡ ಎಂದು ಹೇಳಿಬಿಡುತ್ತೇನೆ. ಇಷ್ಟೂ ಕಾಲ ನನ್ನ ಬಳಿ ಇದ್ದದ್ದು ಕಾಗದದ ಮೂರು ತಿಂಗಳ ಪಾಸ್. ಜೊತೆಗೆ ಒಂದು ಗುರುತಿನ ಚೀಟಿ. ಅದರಲ್ಲಿರುವ ಮನುಷ್ಯನಿಗೆ ತಲೆತುಂಬ ಕಪ್ಪು ಕೂದಲಿದೆ. ಅವನು ನಾನೇ ಎಂದು ಪ್ರತಿ ಸಲವೂ ವಾದಿಸಬೇಕಾಗುತ್ತದೆ.

ಹೋದ ಯುಗಾದಿಗೆ ಮನೆಗೆ ಬಂದ ಮಗಳು, "ಇನ್ನೂ ಕೌಂಟರ್ ಮುಂದೆ ನಿಲ್ಲುವುದೇ ಅಪ್ಪಾ?" ಎಂದು ನಕ್ಕು, ಹತ್ತು ನಿಮಿಷದಲ್ಲಿ ಪಾಸನ್ನು ಫೋನಿಗೆ ಇಳಿಸಿಕೊಟ್ಟಳು. ಅದರ ಜೊತೆಗೇ ಆಧಾರ್, ಬ್ಯಾಂಕು, ವಿದ್ಯುತ್ ಬಿಲ್ಲು, ಔಷಧಿ ಅಂಗಡಿಯ ಬಾಕಿ ಎಲ್ಲವೂ ಅದರೊಳಗೆ ಹೋದವು. ಪರ್ಸು ತೆಳ್ಳಗಾಯಿತು. ಬೆನ್ನು ನೋವು ಸ್ವಲ್ಪ ಕಡಿಮೆಯಾಯಿತು ಎಂದೂ ಅನಿಸಿತು. ಸುಳ್ಳು ಹೇಳಬಾರದು, ಒಂಬತ್ತು ತಿಂಗಳು ಸುಖವಾಗಿಯೇ ಇದ್ದೆ.

ಧನುರ್ಮಾಸದ ಒಂದು ಬೆಳಗ್ಗೆ, ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದ ಫೋನನ್ನು ಎತ್ತಿಕೊಂಡರೆ ಶೇಕಡ 34. ಪ್ಲಗ್ ಚುಚ್ಚಿದ್ದೆ, ಸ್ವಿಚ್ ಹಾಕಿರಲಿಲ್ಲ. ಒಂದೂಕಾಲು ಗಂಟೆಯ ದಾರಿಗೆ ಇಷ್ಟು ಸಾಕು ಎಂದುಕೊಂಡು ಹೊರಟೆ. ಹಿರೇಹಳ್ಳಿಯಲ್ಲಿ 29. ನಿಡವಂದ ದಾಟಿದಾಗ 21. ದೊಡ್ಡಬೆಲೆಯಲ್ಲಿ ಒಂದು ಸಂದೇಶ ನೋಡಲು ತೆಗೆದೆ, ಪರದೆ ಒಮ್ಮೆ ಮಿನುಗಿ ಕಪ್ಪಾಯಿತು. 21ರಿಂದ ಸೊನ್ನೆಗೆ ಒಂದೇ ನೆಗೆತ! ನಡುವಿನ ಅಂಕಿಗಳೆಲ್ಲ ಎಲ್ಲಿ ಹೋದವೋ ಆ ಪರಮಾತ್ಮನಿಗೇ ಗೊತ್ತು.

ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನು ಹತ್ತೋ ಹನ್ನೆರಡೋ ಸಲ ತಪಾಸಣೆ ಮಾಡಿರಬಹುದು. ಅದರಲ್ಲಿ ಒಂದು ಸಲ ಅವತ್ತೇ ಆಗಬೇಕಿತ್ತು, ಯಶವಂತಪುರದ ಮೇಲ್ಸೇತುವೆಯ ಬುಡದಲ್ಲಿ. ಟಿ.ಸಿ. ಒಳ್ಳೆಯವರೇ. ಸತ್ತ ಫೋನನ್ನು ಕೈಯಲ್ಲಿ ತೆಗೆದುಕೊಂಡು ನೋಡಿ ಹಿಂದಕ್ಕೆ ಕೊಟ್ಟರು. "ಪಾಸ್ ಇದ್ದಿರಬಹುದು ಸರ್. ಆದರೆ ನನಗೆ ಕಾಣುತ್ತಿಲ್ಲ," ಎಂದರು. 250 ರೂಪಾಯಿ ದಂಡ, ಅದರ ಮೇಲೆ ಟಿಕೆಟ್ ದರ. ನಿಯಮ ನಿಯಮವೇ, ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರುವುದು ಮುಂದಿನದರ ಬಗ್ಗೆ. ದಂಡ ಕಟ್ಟಲು ಹಣ? ಅದೂ ಫೋನಿನಲ್ಲೇ! ಪರ್ಸಿನಲ್ಲಿ ಇದ್ದದ್ದು 140 ರೂಪಾಯಿ. ಹೆಂಡತಿಗೆ ಫೋನ್ ಮಾಡಿಸೋಣವೆಂದರೆ ಅವಳ ನಂಬರ್ ಬಾಯಿಗೆ ಬರಲಿಲ್ಲ. ನಮ್ಮ ಹಳೆಯ ಮನೆಯ ಸ್ಥಿರ ದೂರವಾಣಿಯ ಅಂಕಿಗಳು ಮಾತ್ರ ಚೆನ್ನಾಗಿ ನೆನಪಿದ್ದವು. ಆ ಸಂಪರ್ಕ ತೆಗೆಸಿ ಹತ್ತು ವರ್ಷವಾಗಿದೆ. ಆಗ ಪಕ್ಕದಲ್ಲಿ ನಿಂತಿದ್ದ ಒಬ್ಬ ಹುಡುಗ, ಇಪ್ಪತ್ತರ ಒಳಗಿನವನು, ಬೆನ್ನಿನ ಚೀಲದಿಂದ ಬ್ಯಾಡ್ಮಿಂಟನ್ ರ‍್ಯಾಕೆಟ್ಟಿನ ಹಿಡಿ ಹೊರಗೆ ಕಾಣುತ್ತಿತ್ತು, ಇನ್ನೂರರ ನೋಟು ತೆಗೆದು ನನ್ನ ಕೈಗಿಟ್ಟ. ನಂಬರ್ ಕೊಡಪ್ಪಾ ಎಂದೆ. ಹೇಳಿದ. ಬರೆದುಕೊಳ್ಳಲು ಚೀಲದಲ್ಲಿ ಇದ್ದದ್ದು ಅಡಿಕೆ ಬೇಸಾಯದ ಪುಸ್ತಕವೊಂದರ ಕರಡು ಮತ್ತು ನನ್ನ ಕೆಂಪು ಪೆನ್ನು. 46ನೆಯ ಪುಟದ ಅಂಚಿನಲ್ಲಿ ಬರೆದೆ.

ಮುಂದಿನದನ್ನು ಊಹಿಸಿರುತ್ತೀರಿ. ನಮ್ಮ ಡಿ.ಟಿ.ಪಿ. ಹುಡುಗಿ ಬಹಳ ಶ್ರದ್ಧೆಯವಳು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಇದ್ದದ್ದನ್ನೆಲ್ಲ ಒಳಗೆ ಸೇರಿಸುತ್ತಾಳೆ. ಎರಡನೆಯ ಕರಡಿನಲ್ಲಿ, ಕೊಳೆರೋಗಕ್ಕೆ ಶೇಕಡ 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕು ಎಂಬ ವಾಕ್ಯದ ನಟ್ಟನಡುವೆ ಹತ್ತು ಅಂಕಿಗಳು ಬಂದು ಕುಳಿತಿದ್ದವು. ಅಷ್ಟು ಲೀಟರ್ ಸಿಂಪಡಿಸಿದ್ದರೆ ಗುಬ್ಬಿ ತಾಲ್ಲೂಕಿನ ಅಡಿಕೆ ತೋಟಗಳೆಲ್ಲ ತೇಲಿಹೋಗುತ್ತಿದ್ದವು.

ಈಗ ಪ್ರಶ್ನೆ. ಕಾಗದದ ಪಾಸಿಗೆ ಹಿಂದಿರುಗಲೇ? ಅದೇನೂ ಸಾಧುವಲ್ಲ. 2016ರಲ್ಲಿ ಒಮ್ಮೆ ಅಂಗಿಯ ಜೇಬಿನಲ್ಲಿಯೇ ಉಳಿದು ಬಟ್ಟೆ ತೊಳೆಯುವ ಯಂತ್ರದೊಳಗೆ ಹೋಗಿ ಹತ್ತಿಯ ಉಂಡೆಯಾಗಿ ಬಂತು. ನಕಲು ಕೊಡುವುದಿಲ್ಲ ಎಂದರು, ಎರಡು ತಿಂಗಳ ಹಣ ಹೋಯಿತು. ಇಲ್ಲ, ಫೋನಿನಲ್ಲೇ ಇಟ್ಟುಕೊಂಡು ಪವರ್ ಬ್ಯಾಂಕ್ ಹೊರಲೇ? ಊಟದ ಡಬ್ಬಿ, ನೀರು, ಕೊಡೆ, ಕರಡಿನ ಕಟ್ಟು ಈಗಾಗಲೇ ಇವೆ. ಅಥವಾ ಫೋನಿಗೆ ಹೊಸ ಬ್ಯಾಟರಿ ಹಾಕಿಸಲೇ? ನಾಲ್ಕು ವರ್ಷ ಹಳೆಯದು. ಬ್ಯಾಟರಿಗೆ ಸಾವಿರದ ಇನ್ನೂರು ಕೇಳುತ್ತಿದ್ದಾರೆ, ಫೋನನ್ನೇ ಮಾರಿದರೆ ಮೂರು ಸಾವಿರ ಬಂದರೆ ಹೆಚ್ಚು. ಹೊಸ ಫೋನ್ ತೆಗೆದುಕೊಳ್ಳಿ ಎನ್ನುವವರು ದಯವಿಟ್ಟು ಬೇರೆ ಕಡೆ ಹೋಗಿ.


ಕ್ಯಾತ್ಸಂದ್ರ ತಟ್ಟೆ ಇಡ್ಲಿ:

ಸರ್, ಮೊದಲಿಗೆ ಆ ಅಡಿಕೆ ಪುಸ್ತಕ ಯಾವಾಗ ಬರುತ್ತದೆ ತಿಳಿಸಿ, ನಮ್ಮ ಮಾವನವರಿಗೆ ಒಂದು ಪ್ರತಿ ಬೇಕು. ನಂಬರ್ ತೆಗೆದ ಪ್ರತಿ.

ನಾನು ಅದೇ ಬೆಳಗಿನ ಗಾಡಿಯವನು, ಕ್ಯಾತ್ಸಂದ್ರದಲ್ಲಿ ಹತ್ತುತ್ತೇನೆ. ನಿಡವಂದದ ಆಸುಪಾಸಿನಲ್ಲಿ ನಿಮ್ಮ ಚಾರ್ಜ್ ಬೇಗ ಇಳಿದದ್ದಕ್ಕೆ ಕಾರಣವಿದೆ. ಅಲ್ಲಿ ಕೆಲವು ಕಡೆ ಸಿಗ್ನಲ್ ಒಂದೇ ಕಡ್ಡಿ, ಕೆಲವು ಕಡೆ ಅದೂ ಇಲ್ಲ. ಗೋಪುರ ದೂರವಾದಷ್ಟೂ ಫೋನ್ ಹೆಚ್ಚು ಶಕ್ತಿ ಹಾಕಿ ಕೂಗಬೇಕು. ಓಡುವ ಗಾಡಿಯಲ್ಲಿ ಒಂದು ಗೋಪುರ ಬಿಟ್ಟು ಇನ್ನೊಂದನ್ನು ಹುಡುಕುತ್ತಲೇ ಇರಬೇಕು. ನೀವು ಜೇಬಿನಲ್ಲಿಟ್ಟು ಸುಮ್ಮನೆ ಕುಳಿತರೂ ಒಳಗೆ ಅದರ ಪರದಾಟ ನಿಂತಿರುವುದಿಲ್ಲ. ಗಾಡಿ ಹತ್ತಿದ ಕೂಡಲೇ ವಿಮಾನ ಸ್ಥಿತಿಗೆ (ಏರ್‌ಪ್ಲೇನ್ ಮೋಡ್) ಹಾಕಿ ಮಲಗಿಸಿ. ಪಾಸ್ ತೋರಿಸಲು ಇಂಟರ್ನೆಟ್ ಬೇಕಿಲ್ಲ, ಹಾಗೇ ತೆರೆಯುತ್ತದೆ. ನಾನು ಮೂರು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ, ಯಶವಂತಪುರಕ್ಕೆ ಬರುವಾಗ ಎರಡೋ ಮೂರೋ ಅಂಕಿ ಮಾತ್ರ ಇಳಿದಿರುತ್ತದೆ.

ಪವರ್ ಬ್ಯಾಂಕ್ ಬೇಡವೆನ್ನಬೇಡಿ. ಹತ್ತು ಸಾವಿರ ಎಂ.ಎ.ಎಚ್.ನದ್ದೇ (ಅದು ಚಾರ್ಜ್ ಹಿಡಿಯುವ ಅಳತೆ, ಬೆಲೆಯಲ್ಲ) ಬೇಕೆಂದಿಲ್ಲ, ಐದು ಸಾವಿರದ್ದು ಸೋಪಿನಷ್ಟು ಇರುತ್ತದೆ.


ನಿವೃತ್ತ ಕರಿ ಕೋಟು:

ಮಾನ್ಯರೇ, ಮೂವತ್ತೊಂದು ವರ್ಷ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು ನಾನು, ಈಗ ಶಿರಾ ಗೇಟ್ ಬಳಿ ಮೊಮ್ಮಗನಿಗೆ ಸೈಕಲ್ ಕಲಿಸುವುದು ಕೆಲಸ. ನಿಮ್ಮ ಟಿ.ಸಿ. ಮಾಡಿದ್ದು ಸರಿ ಎಂದು ನೀವೇ ಒಪ್ಪಿದ್ದೀರಿ, ಸಂತೋಷ. "ಫೋನ್ ಆಫ್ ಆಯಿತು" ಎಂಬ ಮಾತನ್ನು ನನ್ನ ಕೊನೆಯ ವರ್ಷಗಳಲ್ಲಿ ದಿನಕ್ಕೆ ಹತ್ತು ಜನರಿಂದ ಕೇಳುತ್ತಿದ್ದೆ. ಅವರಲ್ಲಿ ಇಬ್ಬರ ಫೋನ್ ನಿಜವಾಗಿ ಆಫ್ ಆಗಿರುತ್ತಿತ್ತು. ಆ ಇಬ್ಬರು ಯಾರು ಎಂದು ಮುಖ ನೋಡಿ ಹೇಳುವ ವಿದ್ಯೆ ನಮಗೆ ಕಲಿಸಿರಲಿಲ್ಲ.

ಕೆಲವು ವಿಷಯ ತಿಳಿದಿರಲಿ. ಫೋನಿನ ಪಾಸಿಗೆ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ, ಆ್ಯಪ್ ತೆರೆದೇ ತೋರಿಸಬೇಕು. ಕಾಗದದ ಪಾಸಿಗೆ ಆ ಕಪ್ಪು ಕೂದಲಿನ ಗುರುತಿನ ಚೀಟಿಯೂ ಜೊತೆಗಿರಬೇಕು, ಅದಿಲ್ಲದಿದ್ದರೆ ಪಾಸ್ ಇದ್ದೂ ಇಲ್ಲದ ಹಾಗೆ. ಫೋಟೊ ಹೊಸದು ಹಾಕಿಸಿಕೊಳ್ಳಿ ಸ್ವಾಮಿ, ನಾಚಿಕೆ ಏಕೆ? ಮೂರು ತಿಂಗಳ ಪಾಸಿನ ದರ ಒಂದು ತಿಂಗಳಿನದರ 2.7 ಪಟ್ಟು. ಉಳಿತಾಯ ಇದೆ, ಕಳೆದುಹೋದರೆ ನಷ್ಟವೂ ಅಷ್ಟೇ ದೊಡ್ಡದು. ನಿಮ್ಮಂಥ ಬಟ್ಟೆ ಒಗೆಯುವವರು ತಿಂಗಳ ಪಾಸ್ ತೆಗೆದುಕೊಳ್ಳುವುದೇ ಮೇಲು. ಮುಗಿಯುವ ದಿನದವರೆಗೆ ಕಾಯಬೇಕಿಲ್ಲ, ಹತ್ತು ದಿನ ಮೊದಲೇ ಮುಂದಿನದನ್ನು ಕೊಡುತ್ತಾರೆ. ತಿಂಗಳ ಮೊದಲ ಸೋಮವಾರ ಬೆಳಗ್ಗೆ ಸಾಲಿನಲ್ಲಿ ನಿಂತು ಕೌಂಟರಿನವರನ್ನು ಬೈಯುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಇದು ಗೊತ್ತಿಲ್ಲ. ಮಧ್ಯಾಹ್ನ ಮೂರಕ್ಕೆ ಹೋಗಿ ನೋಡಿ, ಕೌಂಟರಿನವರೇ ಮಾತಿಗೆ ಕರೆಯುತ್ತಾರೆ.

ಇನ್ನೊಂದು ಮಾತು. ಪಾಸ್ ಇದೆ ಎಂದು ಸಿಕ್ಕ ಗಾಡಿ ಹತ್ತಬೇಡಿ. ಕಾಯ್ದಿರಿಸಿದ ಬೋಗಿಯಲ್ಲಿ ಅದು ನಡೆಯುವುದಿಲ್ಲ, ಸೂಪರ್‌ಫಾಸ್ಟ್ ಆದರೆ ಅದರ ಹೆಚ್ಚುವರಿ ಶುಲ್ಕ ಬೇರೆ. ಸಂಜೆ ತಡವಾದಾಗ ಸ್ಲೀಪರ್ ಬೋಗಿಯಲ್ಲಿ ಕಿಟಕಿ ಪಕ್ಕ ಕುಳಿತು ನಿದ್ದೆಯ ನಟನೆ ಮಾಡುವ ತುಮಕೂರಿನವರನ್ನು ಎಷ್ಟು ಜನರನ್ನು ಎಬ್ಬಿಸಿದ್ದೇನೋ ಲೆಕ್ಕವಿಲ್ಲ.


ಕರಡು ತಿದ್ದುವವ:

ಕರಿ ಕೋಟಿನವರೇ, ನಮಸ್ಕಾರ. ನಿಮ್ಮ ಕಣ್ಣಿಗೆ ನಾನು ಎಂದೂ ಬಿದ್ದಿಲ್ಲ ಎಂದು ನಂಬಿಕೊಳ್ಳುತ್ತೇನೆ. ಹತ್ತು ದಿನ ಮೊದಲೇ ನವೀಕರಿಸಬಹುದು ಎಂಬುದು ಇಪ್ಪತ್ತೆರಡು ವರ್ಷದಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಆ ಮೊದಲ ಸೋಮವಾರದ ಸಾಲಿನಲ್ಲಿ ನಾನು ಓದಿ ಮುಗಿಸಿದ ಪುಸ್ತಕಗಳೇ ಎಷ್ಟೋ ಇವೆ.

ಒಂದು ಅನುಮಾನ. ಫೋನ್ ಸತ್ತಾಗ ಜೊತೆಯಲ್ಲಿದ್ದವರ ಫೋನಿನಲ್ಲಿ ನನ್ನ ಖಾತೆ ತೆರೆದು ತೋರಿಸಿದ್ದರೆ ಆಗುತ್ತಿತ್ತೇ? ಆ ಹುಡುಗ ಮೊದಲು ಅದನ್ನೇ ಹೇಳಿದ. ಆದರೆ ಗುಪ್ತಪದ ನನಗೆ ನೆನಪಿರಲಿಲ್ಲ, ಮಗಳು ಇಟ್ಟದ್ದು.

ತಟ್ಟೆ ಇಡ್ಲಿಯವರೇ, ವಿಮಾನ ಸ್ಥಿತಿ ಒಳ್ಳೆಯದೇ. ಆದರೆ ಆ ಒಂದೂಕಾಲು ಗಂಟೆಯಲ್ಲಿ ಮನೆಯಿಂದ ಎರಡು ಕರೆ ಬಂದೇ ಬರುತ್ತವೆ. ಒಂದು, ಗ್ಯಾಸ್ ಆರಿಸಿದ್ದೀರಾ ಎಂದು. ಇನ್ನೊಂದು, ಆರಿಸಿದ್ದೀರಿ, ನೋಡಿದೆ ಎಂದು. ಉತ್ತರಿಸದಿದ್ದರೆ ಸಂಜೆ ಅದಕ್ಕೆ ಬೇರೆ ದಂಡ.


ನಿವೃತ್ತ ಕರಿ ಕೋಟು:

ಆಗುತ್ತಿರಲಿಲ್ಲ. ನಾನಿದ್ದ ಕಾಲದಲ್ಲಿ ಟಿಕೆಟ್ ತೆಗೆದುಕೊಂಡ ಹ್ಯಾಂಡ್‌ಸೆಟ್ಟಿಗೇ ಅದು ಕಟ್ಟಿಕೊಂಡಿರುತ್ತಿತ್ತು. ಇಲ್ಲದಿದ್ದರೆ ಒಂದು ಪಾಸಿನಲ್ಲಿ ಒಂದು ಹಳ್ಳಿಯೇ ಓಡಾಡುತ್ತಿತ್ತು. 2025ರ ಜುಲೈ 1ರಂದು ರೈಲ್‌ಒನ್ ಎಂಬ ಹೊಸ ಆ್ಯಪ್ ಬಂದಿದೆ, ಎಲ್ಲ ಸೇವೆಯೂ ಒಂದೇ ಕಡೆ ಎನ್ನುತ್ತಾರೆ. ಬ್ಯಾಟರಿ ಸತ್ತ ಫೋನಿನಲ್ಲಿ ಹಳೆಯದೂ ಒಂದೇ, ಹೊಸದೂ ಒಂದೇ.


ಮಂಡಿಪೇಟೆ ಬ್ಯಾಟರಿ:

ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡು ಹದಿನಾಲ್ಕು ವರ್ಷವಾಯಿತು. 21ರಿಂದ ಸೊನ್ನೆಗೆ ನೆಗೆಯಿತು ಎಂದಿರಲ್ಲ ಸರ್, ಅದೊಂದೇ ಮಾತು ಸಾಕು. ಬ್ಯಾಟರಿ ಮುದಿಯಾಗಿದೆ.

ಏನಾಗುತ್ತದೆ ಎಂದರೆ, ಲಿಥಿಯಂ ಬ್ಯಾಟರಿಗೆ ವಯಸ್ಸಾದಂತೆ ಅದರ ಒಳಗಿನ ರೋಧ ಹೆಚ್ಚುತ್ತದೆ. ಸುಮ್ಮನಿದ್ದಾಗ ಗೊತ್ತಾಗುವುದಿಲ್ಲ. ಪರದೆ ಬೆಳಗಿ, ಸಿಗ್ನಲ್ ಎಳೆದು, ಒಟ್ಟಿಗೆ ಹೆಚ್ಚು ವಿದ್ಯುತ್ ಕೇಳಿದಾಗ ವೋಲ್ಟೇಜ್ ದಿಢೀರನೆ ಕುಸಿಯುತ್ತದೆ. ಫೋನ್ ಅಪಾಯವೆಂದು ತಿಳಿದು ತಾನೇ ಆರುತ್ತದೆ. ಒಳಗೆ ಚಾರ್ಜ್ ಇದೆ, ಕೊಡುವ ಶಕ್ತಿ ಇಲ್ಲ. ಪೈಪು ಕಟ್ಟಿಕೊಂಡ ತೊಟ್ಟಿಯ ಹಾಗೆ. ನೀರಿದ್ದರೂ ನಲ್ಲಿಯಲ್ಲಿ ಬರುವುದಿಲ್ಲ. ಚಳಿಯಲ್ಲಿ ಇದು ಇನ್ನೂ ಹೆಚ್ಚು. ಧನುರ್ಮಾಸದಲ್ಲಿ ನನ್ನ ಅಂಗಡಿಗೆ ಬೆಳಗಿನ ವಾಕಿಂಗ್ ಮುಗಿಸಿ ಅಮಾನಿಕೆರೆಯಿಂದ ನೇರವಾಗಿ ಬರುವ ಗಿರಾಕಿಗಳೇ ಇದ್ದಾರೆ, ಎಲ್ಲರದೂ ಇದೇ ದೂರು.

ಬದಲಾಯಿಸಿ. ಫೋನಿನ ಬೆಲೆಯನ್ನು ಬ್ಯಾಟರಿಯ ಬೆಲೆಗೆ ಹೋಲಿಸಬೇಡಿ. ಮಾರಿದರೆ ಮೂರು ಸಾವಿರ ಇರಬಹುದು, ಹೊಸದು ಕೊಳ್ಳಲು ಹನ್ನೆರಡು ಸಾವಿರವಾದರೂ ಬೇಕಲ್ಲ? ಸಾವಿರದ ಇನ್ನೂರಕ್ಕೆ ಎರಡು ವರ್ಷ ಸಿಗುತ್ತದೆ ಎಂದು ಲೆಕ್ಕ ಹಾಕಿ. ಹಾಕಿಸುವಾಗ ಎರಡು ಎಚ್ಚರಿಕೆ. ಹಳೆಯದರಷ್ಟೇ ಗಾತ್ರದ ಬ್ಯಾಟರಿಯ ಮೇಲೆ ಒಂದೂವರೆ ಪಟ್ಟು ಅಂಕಿ ಅಚ್ಚಾಗಿದ್ದರೆ ಅದು ಬರೀ ಅಚ್ಚು, ನಿಮಗೆ ಅಚ್ಚಿನ ವಿಷಯ ನಾನು ಹೇಳಬೇಕಿಲ್ಲ. ಮತ್ತೆ, ಹಿಂಬದಿಯ ಮುಚ್ಚಳ ಉಬ್ಬಿದ್ದರೆ ಒಂದು ದಿನವೂ ಕಾಯಬೇಡಿ, ಒತ್ತಿ ಕೂರಿಸಲು ಹೋಗಬೇಡಿ. ಒಳಗೆ ಅನಿಲ ತುಂಬಿರುತ್ತದೆ, ಚುಚ್ಚಿಕೊಂಡರೆ ಬೆಂಕಿ.

ಪವರ್ ಬ್ಯಾಂಕಿನ ಬಗ್ಗೆ ಗಿರಾಕಿಗಳು ಮಾಡುವ ಜಗಳ ಒಂದಿದೆ. ಹತ್ತು ಸಾವಿರ ಎಂ.ಎ.ಎಚ್. ಎಂದು ಬರೆದಿದೆ, ನನ್ನ ಐದು ಸಾವಿರದ ಫೋನ್ ಎರಡು ಸಲ ಏಕೆ ತುಂಬುವುದಿಲ್ಲ ಎಂದು. ಆ ಅಂಕಿ ಒಳಗಿನ 3.7 ವೋಲ್ಟಿನ ಲೆಕ್ಕ. ಹೊರಗೆ ಬರುವುದು 5 ವೋಲ್ಟ್. ಅಲ್ಲಿಗೇ 7,400ಕ್ಕೆ ಇಳಿಯಿತು, ಬಿಸಿಯಾಗಿ ಹೋಗುವುದನ್ನು ಕಳೆದರೆ ಕೈಗೆ ಸಿಗುವುದು ಆರು ಸಾವಿರದ ಆಚೆ ಈಚೆ. ಮೋಸವಲ್ಲ, ಆದರೆ ಡಬ್ಬದ ಮೇಲೆ ದೊಡ್ಡ ಅಂಕಿಯೇ ಇರುತ್ತದೆ. ನಿಮಗೆ ತಟ್ಟೆ ಇಡ್ಲಿಯವರು ಹೇಳಿದ ಚಿಕ್ಕದೇ ಸಾಕು.

ರಾತ್ರಿಯಿಡೀ ಚಾರ್ಜಿಗೆ ಹಾಕಿ ದಿಂಬಿನ ಪಕ್ಕ ಇಡುವ ಅಭ್ಯಾಸವನ್ನೂ ಬಿಡಿ. ಪೂರ್ತಿ ತುಂಬಿ ಬಿಸಿಯಲ್ಲಿ ಇರುವುದೇ ಬ್ಯಾಟರಿಗೆ ಬೇಗ ವಯಸ್ಸು ತರುವುದು. ಸ್ನಾನ ತಿಂಡಿಯ ಹೊತ್ತಿನಲ್ಲಿ ಹಾಕಿದರೆ ಹೊರಡುವಷ್ಟರಲ್ಲಿ ಬೇಕಾದಷ್ಟು ಆಗಿರುತ್ತದೆ. ಸ್ವಿಚ್ ಹಾಕಿದರೆ!


ಗುಬ್ಬಿ ಗೇಟಿನವಳು:

ನಾನು ನರ್ಸ್, ರಾಜಾಜಿನಗರದ ಕಡೆ ಕೆಲಸ, ಪಾಳಿಯ ಮೇಲೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ರೈಲು ಬಿಟ್ಟು ಬಸ್ಸಿಗೆ ಬಂದವಳು. ಈ ಚರ್ಚೆಯಲ್ಲಿ ನನಗೆ ಸ್ಥಾನವಿಲ್ಲ ಎನ್ನಬೇಡಿ, ನನ್ನದೂ ಇದೇ ಕಥೆ.

ಬಸ್ಸಿನಲ್ಲಿ ಹಣ ಉಳಿಯಿತು, ಸಮಯ ಹೋಯಿತು. ಪೀಣ್ಯ ಮೇಲ್ಸೇತುವೆ 2021ರ ಡಿಸೆಂಬರಿನಲ್ಲಿ ಮುಚ್ಚಿದ್ದು ಬಸ್ಸು ಲಾರಿಗಳಿಗೆ ಮತ್ತೆ ತೆರೆದದ್ದು 2024ರ ಜುಲೈ ಕೊನೆಗೆ. ಅಲ್ಲಿಯವರೆಗೆ ಕೆಳಗಿನ ರಸ್ತೆಯಲ್ಲಿ ನಾವು ತೆವಳಿದ್ದನ್ನು ನೆನೆದರೆ ಈಗಲೂ ಮಂಡಿ ನೋಯುತ್ತದೆ. ಅದೇ ವರ್ಷದ ನವೆಂಬರಿನಲ್ಲಿ ಮೆಟ್ರೊ ಮಾದಾವರದವರೆಗೆ ಬಂತು. ಈಗ ಅಲ್ಲಿ ಇಳಿದು ಮೆಟ್ರೊ ಹಿಡಿಯುತ್ತೇನೆ. 2025ರ ಫೆಬ್ರುವರಿಯಲ್ಲಿ ಅದರ ದರ ಏರಿತು, 60 ಇದ್ದ ಗರಿಷ್ಠ ದರ 90 ಆಯಿತು. ಶಕ್ತಿ ಕೊಟ್ಟದ್ದರಲ್ಲಿ ಮೆಟ್ರೊ ತನ್ನ ಪಾಲನ್ನು ತೆಗೆದುಕೊಳ್ಳುತ್ತಿದೆ. ಇರಲಿ.

ಹೇಳಬೇಕಾದದ್ದು ಬೇರೆ. ಮೆಟ್ರೊಗೆ ನಾನು ಫೋನಿನ ಕ್ಯೂಆರ್ ಬಳಸುವುದಿಲ್ಲ, ಕಾರ್ಡ್ ಇಟ್ಟುಕೊಂಡಿದ್ದೇನೆ. ಶೇಕಡ 5 ರಿಯಾಯಿತಿ ಸಿಗುತ್ತದೆ, ದಟ್ಟಣೆ ಇಲ್ಲದ ಹೊತ್ತಿನಲ್ಲಿ ಇನ್ನೂ 5. ಆದರೆ ಅದಕ್ಕಾಗಿ ಅಲ್ಲ. ಹನ್ನೆರಡು ಗಂಟೆಯ ರಾತ್ರಿ ಪಾಳಿ ಮುಗಿಸಿ ಬರುವವಳ ಫೋನಿನಲ್ಲಿ ಚಾರ್ಜ್ ಇರುತ್ತದೆಯೇ? ರೋಗಿಯ ಕಡೆಯವರು ಕರೆ ಮಾಡಲು ಕೇಳುತ್ತಾರೆ, ಕೊಡದೆ ಇರಲು ಮನಸ್ಸು ಬರುವುದಿಲ್ಲ. ಕಾರ್ಡಿಗೆ ಚಾರ್ಜ್ ಬೇಕಿಲ್ಲ. ಬಸ್ಸಿನಲ್ಲಿ ತೋರಿಸುವ ಆಧಾರ್ ಕಾರ್ಡ್‌ಗೂ ಬೇಕಿಲ್ಲ.

ಇನ್ನೊಂದು, ನನ್ನ ಫೋನಿನ ಹಿಂಬದಿಯ ಕವಚದೊಳಗೆ ಮಡಿಸಿದ ಐನೂರರ ನೋಟು ಒಂದು ಸದಾ ಇರುತ್ತದೆ. ನೋಟಿನ ಜೊತೆ ಒಂದು ಚೀಟಿ, ಅದರಲ್ಲಿ ನಮ್ಮ ಮನೆಯವರ ನಂಬರ್, ಅಣ್ಣನ ನಂಬರ್. ಹೆಂಡತಿಯ ನಂಬರ್ ಬಾಯಿಗೆ ಬರಲಿಲ್ಲ ಎಂದು ಬರೆದಿರಲ್ಲ ಸರ್, ನಿಮ್ಮ ಮನೆಯವರು ಇದನ್ನು ಓದುವುದಿಲ್ಲ ತಾನೇ?


ಬಟವಾಡಿ ಬಂಡಿ:

ನಾನು ಕಾರಿನವನು, ಆದ್ದರಿಂದ ಪಾಸಿನ ಬಗ್ಗೆ ಏನೂ ಹೇಳುವುದಿಲ್ಲ. ನರ್ಸಮ್ಮ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಗಾಜಿಗೆ ಅಂಟಿಸಿರುವ ಫಾಸ್ಟ್ಯಾಗ್‌ಗೂ ಬ್ಯಾಟರಿ ಇಲ್ಲ. ಟೋಲ್‌ನಲ್ಲಿರುವ ಯಂತ್ರ ಬಿಡುವ ರೇಡಿಯೊ ಅಲೆಯಿಂದಲೇ ಅದು ಶಕ್ತಿ ತೆಗೆದುಕೊಂಡು ಉತ್ತರ ಕೊಡುತ್ತದೆ. ಮೆಟ್ರೊ ಕಾರ್ಡೂ ಹಾಗೇ, ಇನ್ನೂ ಹತ್ತಿರದಿಂದ. ನನ್ನ ಫೋನ್ ಸತ್ತರೂ ಕಾರು ಟೋಲ್ ದಾಟುತ್ತದೆ.

2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್‌ಗೆ ವಾರ್ಷಿಕ ಪಾಸ್ ಬಂದಿದೆ, ಬಂದಾಗ ಮೂರು ಸಾವಿರ ಇತ್ತು, 200 ಪಯಣ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ನಮ್ಮ ಹೆದ್ದಾರಿಯಲ್ಲಿ ಒಂದು ಟೋಲ್ ದಾಟಿದರೆ ಒಂದು ಪಯಣ ಎಂದು ಲೆಕ್ಕ. ದಿನವೂ ಬೆಂಗಳೂರಿಗೆ ಹೋಗುವವನಿಗೆ ಇನ್ನೂರು ಎನ್ನುವುದು ಬೇಸಿಗೆಯ ಐಸ್ ಕ್ಯಾಂಡಿ.


ಕರಡು ತಿದ್ದುವವ:

ಎಲ್ಲರಿಗೂ ವಂದನೆ. ಇಷ್ಟು ಒಳ್ಳೆಯ ಉತ್ತರಗಳು ಬರುತ್ತವೆ ಎಂದುಕೊಂಡಿರಲಿಲ್ಲ. ಕಾಗುಣಿತವೂ ಬಹುಮಟ್ಟಿಗೆ ಚೆನ್ನಾಗಿದೆ.

ಮಾಡಿದ್ದನ್ನು ವರದಿ ಮಾಡುತ್ತೇನೆ. ಪಾಸ್ ಕಾಗದಕ್ಕೆ ವಾಪಸು ಬಂದಿದೆ, ಮೂರು ತಿಂಗಳಿನದಲ್ಲ, ಒಂದು ತಿಂಗಳಿನದು. ಕರಿ ಕೋಟಿನವರ ಮಾತಿನಂತೆ ಮಧ್ಯಾಹ್ನ ಮೂರಕ್ಕೆ ಹೋದೆ, ಶನಿವಾರ. ನನ್ನ ಮುಂದೆ ಇದ್ದವರು ಒಬ್ಬರೇ. ಹೊಸ ಫೋಟೊ ಕೂಡ ಆಯಿತು, ಅಶೋಕ ರಸ್ತೆಯ ಸ್ಟುಡಿಯೊದವನು ಕೇಳದೆಯೇ ಕೂದಲಿಗೆ ಕಪ್ಪು ಬಳಿದುಬಿಟ್ಟಿದ್ದ, ತೆಗೆಸಿ ಇನ್ನೊಂದು ಪ್ರತಿ ಹಾಕಿಸಿದೆ. ಪಾಸನ್ನೂ ಚೀಟಿಯನ್ನೂ ಪ್ಲಾಸ್ಟಿಕ್ ಕವಚದಲ್ಲಿಟ್ಟು, ಅಂಗಿಯ ಜೇಬಿನಲ್ಲಲ್ಲ, ಊಟದ ಡಬ್ಬಿಯ ಚೀಲದ ಒಳಜೇಬಿನಲ್ಲಿ ಇಟ್ಟಿದ್ದೇನೆ. ಡಬ್ಬಿಯ ಚೀಲವನ್ನು ಮರೆತು ಹೊರಟ ದಿನ ಇಪ್ಪತ್ತೆರಡು ವರ್ಷದಲ್ಲಿ ಒಂದೂ ಇಲ್ಲ.

ಮಗಳಿಗೆ ಹೇಳಿದೆ. ಹಿಂದಕ್ಕೆ ಹೋದಿರಿ ಎಂದಳು. ಕಾಗದಕ್ಕೆ, ಕಾರ್ಡಿಗೆ, ಗಾಜಿನ ಮೇಲಿನ ಚೀಟಿಗೆ ಬ್ಯಾಟರಿ ಬೇಕಿಲ್ಲ ಎಂಬ ನರ್ಸಮ್ಮನ, ಬಟವಾಡಿಯವರ ಮಾತನ್ನು ನನ್ನದೇ ಎಂಬಂತೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮಾರನೆಯ ದಿನ ಮೆಟ್ರೊ ಕಾರ್ಡ್ ಕೊಂಡಳಂತೆ.

ಬ್ಯಾಟರಿಯನ್ನೂ ಬದಲಾಯಿಸಿದೆ. ಮಂಡಿಪೇಟೆಯವರ ಅಂಗಡಿಯೇ ಎಂದು ನನ್ನ ಊಹೆ, ಕೇಳಲು ಸಂಕೋಚವಾಯಿತು. ಫಲಕದಲ್ಲಿ ರಿಪೇರಿ ಎನ್ನುವುದು ರೀಪೇರಿ ಎಂದಿತ್ತು. ಬಾಯಿ ತನಕ ಬಂದದ್ದನ್ನು ನುಂಗಿಕೊಂಡೆ, ಕೆಲಸ ಚೆನ್ನಾಗಿ ಮಾಡಿಕೊಟ್ಟರು. ಈಗ ಸಂಜೆ ಮನೆಗೆ ಬರುವಾಗಲೂ 40ರ ಮೇಲಿರುತ್ತದೆ. ಹಾಗಾಗಿ ಪವರ್ ಬ್ಯಾಂಕ್ ಸದ್ಯಕ್ಕೆ ಬೇಡ. ಮನೆಯ ಎರಡು ಕರೆಗಳೂ ಹಿಂದಿನಂತೆ ಬರುತ್ತಿವೆ.

ಐನೂರರ ನೋಟು ಮತ್ತು ನಂಬರಿನ ಚೀಟಿ ಫೋನಿನ ಬೆನ್ನಿಗೆ ಹೋಗಿವೆ. ನಂಬರಿನ ಚೀಟಿಯನ್ನು ಬರೆದುಕೊಟ್ಟದ್ದು ಹೆಂಡತಿಯೇ. ಹೌದು ತಾಯಿ, ಓದಿದ್ದಾಳೆ.

ಉಳಿದಿರುವುದು ಒಂದೇ ಸಂಕಟ, ಅದನ್ನು ಮೊದಲ ಸಲ ಬರೆಯುವಾಗ ಮುಚ್ಚಿಟ್ಟಿದ್ದೆ. ಆ ಹುಡುಗನ ಇನ್ನೂರು ರೂಪಾಯಿ ಇನ್ನೂ ಕೊಟ್ಟಿಲ್ಲ. ಅಂದು ಸಂಜೆಯೇ ಕಳಿಸಲು ಹೋದೆ. ನಂಬರ್ ಹಾಕಿದರೆ ಪರದೆಯ ಮೇಲೆ ಯಾವುದೋ ಗೊಬ್ಬರದ ಅಂಗಡಿಯ ಹೆಸರು ಬಂತು. ಹಣ ಹೋಗುವ ಮುನ್ನ ಹೆಸರು ತೋರಿಸುವುದು ಎಷ್ಟು ಒಳ್ಳೆಯದು ನೋಡಿ, ಅಲ್ಲಿಗೇ ನಿಲ್ಲಿಸಿದೆ. ಕರಡನ್ನು ತೆಗೆದು ನೋಡಿದೆ. ಮೇಲ್ಸೇತುವೆಯ ಬುಡದಲ್ಲಿ, ನಿಂತುಕೊಂಡು, ನೂಕಾಟದಲ್ಲಿ ಬರೆದದ್ದು. ಆರನೆಯ ಅಂಕಿ 1 ಆಗಿರಬಹುದು, 7 ಆಗಿರಬಹುದು. ಎಂಟನೆಯದೂ ಅಷ್ಟೇ. ಡಿ.ಟಿ.ಪಿ. ಹುಡುಗಿ ಎರಡನ್ನೂ 7 ಎಂದು ಓದಿದ್ದಾಳೆ. ಉಳಿದ ಮೂರು ಜೋಡಿಗಳನ್ನೂ ಹಾಕಿ ನೋಡಿದೆ: ಒಂದು ಯಾರದೋ ಅಜ್ಜಿಯ ಹೆಸರು, ಒಂದಕ್ಕೆ ಖಾತೆಯೇ ಇಲ್ಲ, ಇನ್ನೊಂದಕ್ಕೆ ಕರೆ ಮಾಡಿದರೆ ಹಾವೇರಿಯ ಮೆಣಸಿನಕಾಯಿ ವ್ಯಾಪಾರಿ ಸಿಕ್ಕಿ ಇಪ್ಪತ್ತು ನಿಮಿಷ ಬ್ಯಾಡಗಿ ಮಾರುಕಟ್ಟೆಯ ಬಗ್ಗೆ ಮಾತಾಡಿದರು. ಅಂದರೆ ಬೇರೆ ಯಾವುದೋ ಅಂಕಿಯೂ ತಪ್ಪಾಗಿದೆ. ಊರವರ ತಪ್ಪನ್ನೆಲ್ಲ ಮೂವತ್ತು ವರ್ಷದಿಂದ ತಿದ್ದುತ್ತಿರುವವನ ಕೈಬರಹ ಇದು.

ಮೂರು ವಾರದಿಂದ ಬೋಗಿಯಿಂದ ಬೋಗಿಗೆ ನೋಡುತ್ತಿದ್ದೇನೆ. ಬ್ಯಾಡ್ಮಿಂಟನ್ ರ‍್ಯಾಕೆಟ್, ಬೂದು ಬಣ್ಣದ ಬೆನ್ನಿನ ಚೀಲ, ಎಡಗೈ ಮಣಿಕಟ್ಟಿಗೆ ಕೆಂಪು ದಾರ. ಯಾರಾದರೂ ಕಂಡರೆ ತಿಳಿಸಿ.


ಕ್ಯಾತ್ಸಂದ್ರ ತಟ್ಟೆ ಇಡ್ಲಿ:

ಕೆಂಪು ದಾರ ಎಂದಿರಲ್ಲ, ಗೊತ್ತಾಯಿತು ಸರ್. ಅವನು ತುಮಕೂರಿನವನಲ್ಲ, ಹಿರೇಹಳ್ಳಿಯಲ್ಲಿ ಹತ್ತುವವನು. ಹಿಂದಿನಿಂದ ಎರಡನೆಯ ಬೋಗಿ, ಬಾಗಿಲ ಬಳಿ ನಿಲ್ಲುತ್ತಾನೆ, ಜಾಗವಿದ್ದರೂ ಕೂರುವುದಿಲ್ಲ. ಪರೀಕ್ಷೆ ಎಂದು ರಜೆಯಲ್ಲಿದ್ದಾನೆ, ಬರುವ ಸೋಮವಾರದಿಂದ ಬರುತ್ತಾನೆ. ನೀವು ಮುಂದಿನ ಬೋಗಿಯಲ್ಲಿ ಕುಳಿತು ಅವನನ್ನು ಹುಡುಕಿದರೆ ಸಿಗುವುದಾದರೂ ಹೇಗೆ?

ನೋಟೇ ತನ್ನಿ. ಅವನ ಬಳಿ ಇರುವುದು ಗುಂಡಿ ಒತ್ತುವ ಫೋನ್.